ಜೀವಕೋಶದ ಪಾಠದಲ್ಲಿ ಬಿಟ್ಟುಹೋದ ಹೆಸರು

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳಿಗೆ ಪಾಠ ಹೇಳಿಕೊಡುತ್ತಿದ್ದೆ. ಜೀವಕೋಶ ಕಂಡವನು ರಾಬರ್ಟ್ ಹುಕ್, 1665ರಲ್ಲಿ. ಸಿದ್ಧಾಂತ ಮಾತ್ರ ಷ್ಲೈಡನ್, ಶ್ವಾನ್ ಅವರದ್ದು, 1839ರ ಹೊತ್ತಿಗೆ. ಆಮೇಲೆ ವಿರ್ಚೋ ಏನೋ ಸೇರಿಸಿದನಂತೆ. ಮಧ್ಯದ 170 ವರ್ಷ ಎಲ್ಲರೂ ಮಲಗಿದ್ದರಾ?
– ಓದುಗರೊಬ್ಬರು, ತುಮಕೂರು

ಉತ್ತರ: ಮಲಗಿರಲಿಲ್ಲ, ಸರಿಯಾಗಿ ಕಾಣುತ್ತಿರಲಿಲ್ಲ ಅಷ್ಟೇ. ಹುಕ್ ನೋಡಿದ್ದು ಬಾಟಲಿಗೆ ಹಾಕುವ ಬಿರಡೆಯನ್ನು. ಅದು ಓಕ್ ಮರದ ಸತ್ತ ತೊಗಟೆ, ಅಂದರೆ ಅವನಿಗೆ ಕಂಡದ್ದು ಖಾಲಿ ಮನೆಯ ಗೋಡೆಗಳು. ಚಾಕು ಚೆನ್ನಾಗಿ ಮಸೆದು, ತೆಳುವಾದ ಒಂದು ಪದರ ಕೊಯ್ದು, ಬಿಳಿ ಚೂರು ಎದ್ದು ಕಾಣಲಿ ಅಂತ ಕಪ್ಪು ತಟ್ಟೆಯ ಮೇಲಿಟ್ಟು ನೋಡಿದ. ಜೇನುಗೂಡಿನ ಹಾಗೆ ಕಂಡಿತು. ಆಸಾಮಿ ಅಲ್ಲಿಗೆ ಬಿಡದೆ ಲೆಕ್ಕಕ್ಕೂ ಕೂತ: ಒಂದು ಇಂಚಿನ 18ನೇ ಒಂದು ಭಾಗದಲ್ಲಿ 60 ಕೋಶ, ಹಾಗಾದರೆ ಒಂದು ಘನ ಇಂಚಿನಲ್ಲಿ 125,97,12,000! ಸುಮಾರು 126 ಕೋಟಿ.

ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲಿ ನೀರಿನ ಹನಿಯೊಳಗೆ ಓಡಾಡುವ ಜೀವಿಗಳನ್ನೇ ನೋಡಿಬಿಟ್ಟ. ಆದರೆ ಅಂಥ ಮಸೂರ ಮಾಡುವ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬೇರೆಯವರ ಸೂಕ್ಷ್ಮದರ್ಶಕಗಳಲ್ಲಿ ಅಂಚೆಲ್ಲ ಬಣ್ಣಬಣ್ಣವಾಗಿ ಮಸುಕು. ಆ ದೋಷ ಸರಿಹೋಗಿದ್ದು 1830ರ ಆಸುಪಾಸಿನಲ್ಲಿ. ಮರುವರ್ಷವೇ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕಂಡ ಬೊಟ್ಟಿನಂಥದ್ದಕ್ಕೆ ನ್ಯೂಕ್ಲಿಯಸ್ ಅಂತ ಹೆಸರಿಟ್ಟ.

ಮುಂದಿನದ್ದು ಊಟದ ಮೇಜಿನ ಕಥೆ. ವಕೀಲಿಕೆ ಬಿಟ್ಟು ಗಿಡಗಳ ಹಿಂದೆ ಬಿದ್ದಿದ್ದ ಷ್ಲೈಡನ್ ಊಟಕ್ಕೆ ಕೂತಾಗ ಈ ನ್ಯೂಕ್ಲಿಯಸ್ ವಿಷಯ ತೆಗೆದ. ಎದುರಿಗಿದ್ದ ಶ್ವಾನ್‌ಗೆ ತಟ್ಟನೆ ನೆನಪಾಯ್ತು, ಅರೆ, ಪ್ರಾಣಿಯ ಬೆನ್ನೆಳೆಯ (ಭ್ರೂಣದ ಬೆನ್ನಿನುದ್ದಕ್ಕೂ ಇರುವ ಮೆದು ಸರಳಿನಂಥ ಭಾಗ) ಕೋಶಗಳಲ್ಲಿ ನಾನೂ ಇಂಥದ್ದನ್ನೇ ನೋಡಿದ್ದೆನಲ್ಲ! ಇಬ್ಬರೂ ಎದ್ದು ಪ್ರಯೋಗಾಲಯಕ್ಕೆ ಹೋದರು. ಗಿಡವಾಗಲಿ ಪ್ರಾಣಿಯಾಗಲಿ, ಎಲ್ಲವೂ ಕೋಶಗಳಿಂದಲೇ ಆಗಿದೆ ಅನ್ನುವ ಮಾತು ನಿಂತದ್ದು ಹೀಗೆ.

ಆದರೆ ಹೊಸ ಕೋಶ ಎಲ್ಲಿಂದ ಬರುತ್ತೆ? ಇಲ್ಲಿ ಇಬ್ಬರೂ ಎಡವಿದರು. ಸಕ್ಕರೆ ಪಾಕದಲ್ಲಿ ಹರಳು ಕಟ್ಟಿದ ಹಾಗೆ ಕೋಶವೂ ದ್ರವದಲ್ಲಿ ತಾನಾಗೇ ಕಟ್ಟುತ್ತೆ ಅಂತ ನಂಬಿದ್ದರು. ಅಲ್ಲ, ಒಂದು ಕೋಶ ಒಡೆದು ಎರಡಾಗುತ್ತೆ ಅಂತ ಕೋಳಿಮರಿಯ ಭ್ರೂಣದ ರಕ್ತಕಣಗಳನ್ನು, ಕಪ್ಪೆಯ ಮೊಟ್ಟೆಗಳನ್ನು ವರ್ಷಗಟ್ಟಲೆ ನೋಡಿ ಹೇಳಿದವನು ರಾಬರ್ಟ್ ರೆಮಾಕ್, 1852ರಲ್ಲಿ. ನಿಮ್ಮ ಮಗಳ ಪಾಠದಲ್ಲಿ ಇಲ್ಲದ ಹೆಸರು ಇದೇ. ಯಹೂದಿ ಅನ್ನುವ ಕಾರಣಕ್ಕೆ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ ಅವನಿಗೆ ಪೂರ್ಣ ಪ್ರೊಫೆಸರ್ ಹುದ್ದೆ ಕೊನೆಗೂ ಸಿಗಲಿಲ್ಲ. ವಿರ್ಚೋ 1855ರಲ್ಲಿ ‘ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ’ ಅಂತ ಲ್ಯಾಟಿನ್‌ನಲ್ಲಿ ಚೆಂದದ ಒಂದು ಸಾಲು ಬರೆದ, ರೆಮಾಕ್ ಹೆಸರು ಎತ್ತಲಿಲ್ಲ. ವಿರ್ಚೋ ದೊಡ್ಡ ವೈದ್ಯನೇ, ರೋಗ ಶುರುವಾಗುವುದು ಕೋಶದಲ್ಲಿ ಅಂತ ತೋರಿಸಿದವನು. ಆದರೂ ಈ ವಿಷಯದಲ್ಲಿ ಮಾಡಿದ್ದು ಸರಿಯಲ್ಲ ಅಂತಲೇ ನನಗನಿಸುತ್ತೆ.

ಮಗಳಿಗೆ ಇದೆಲ್ಲ ಹೇಳಿ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿರುವ ಹೆಸರುಗಳನ್ನೇ ಬರೆಯಲಿ, ಸುಮ್ನೆ ಮಾರ್ಕ್ಸ್ ಯಾಕೆ ಕಳೆದುಕೊಳ್ಳಬೇಕು, ಅಲ್ವಾ?