ಕೇಳಿ, ಹೇಳ್ತೀನಿ: ಐದು ಮಾರ್ಕಿಗೆ ನಿಂತುಹೋದ ಸಿಎ

ಪ್ರಶ್ನೆ: ನಮಸ್ತೆ ಮೇಡಂ. ನನಗೆ 32 ವರ್ಷ. ಊರು ದಾವಣಗೆರೆ, ಈಗ ಇರುವುದು ಬೆಂಗಳೂರಿನ ಪೀಣ್ಯದ ಹತ್ತಿರ. ಆರ್ಟಿಕಲ್‌ಶಿಪ್ (ಸಿಎ ಹತ್ತಿರ ಮಾಡುವ ಕಡ್ಡಾಯ ತರಬೇತಿ) ಮುಗಿಸಿ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಸಿಎ ಫೈನಲ್ ಗ್ರೂಪ್ 1 ಮೇ 2024ರಲ್ಲಿ ಆಯಿತು. ಅದೇ ನವೆಂಬರ್‌ನಲ್ಲಿ ಗ್ರೂಪ್ 2 ಬರೆದೆ. ಡೈರೆಕ್ಟ್ ಟ್ಯಾಕ್ಸ್ 41, ಇನ್‌ಡೈರೆಕ್ಟ್ ಟ್ಯಾಕ್ಸ್ 46, ಐಬಿಎಸ್ (ಇಂಟಿಗ್ರೇಟೆಡ್ ಬಿಸಿನೆಸ್ ಸೊಲ್ಯೂಷನ್ಸ್) 58. ಒಟ್ಟು 145. ಐದು ಮಾರ್ಕಿಗೆ ಹೋಯಿತು. ಆಮೇಲೆ ಪುಸ್ತಕ ಮುಟ್ಟಿಲ್ಲ. ಮಗಳಿಗೆ ನಾಲ್ಕು ವರ್ಷ, ಈ ಜೂನ್‌ಗೆ ಎಲ್‌ಕೆಜಿ. ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಮನೆ ಸಾಲದ ಇಎಂಐ ಇದೆ. ಈಗ ಆಫೀಸಿನಲ್ಲಿ ಫೈನಾನ್ಸ್ ಮ್ಯಾನೇಜರ್ ಮಾಡುತ್ತೇವೆ ಅನ್ನುತ್ತಿದ್ದಾರೆ, ಆದರೆ ವಾರಕ್ಕೆ ಎರಡು ದಿನ ಹೊಸೂರಿನ ಯೂನಿಟ್‌ಗೆ ಹೋಗಬೇಕು. ಯಜಮಾನರು "ಸಾಕು ಬಿಡು, ಎಷ್ಟು ಅಂತ ಒದ್ದಾಡ್ತೀಯ" ಅನ್ನುತ್ತಾರೆ. ಅಪ್ಪ ಫೋನ್ ಮಾಡಿದಾಗಲೆಲ್ಲ "ಮುಂದಿನ ಪರೀಕ್ಷೆ ಯಾವಾಗಮ್ಮ" ಅನ್ನುತ್ತಾರೆ. ಇಬ್ಬರ ಮಾತು ಕೇಳಿದರೂ ಅಳು ಬರುತ್ತದೆ. ಭಾನುವಾರ ನಮ್ಮ ಬೀದಿಯ ಮೂರ್ನಾಲ್ಕು ಅಂಗಡಿಯವರ ಜಿಎಸ್‌ಟಿ ರಿಟರ್ನ್ ಮಾಡಿಕೊಡುತ್ತೇನೆ, ಅವರು ನನ್ನನ್ನು ಆಡಿಟರ್ ಅಂತಲೇ ಕರೆಯುತ್ತಾರೆ. ಮೊನ್ನೆ ಬೇಕರಿಯವರು ಮಗನ ವೀಸಾಗೆ ನೆಟ್‌ವರ್ತ್ ಸರ್ಟಿಫಿಕೇಟ್ ಕೇಳಿದರು. ಎಲ್ಲ ರೆಡಿ ಮಾಡಿ ಸಹಿಗೆ ಬೇರೆಯವರ ಹತ್ತಿರ ಕಳಿಸಿದೆ. ಸಿಎ ಬರೆಯಲೋ, ಬಿಡಲೋ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನಿಂತಿದ್ದು ಬೇಕರಿಯವರ ಹತ್ತಿರ. ಅತ್ತೆ, ಮಗಳು, ಇಎಂಐ, ಪ್ರಮೋಷನ್ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಮುಗಿಸಿದ್ದೀರಿ, ಆ ಸರ್ಟಿಫಿಕೇಟ್ ವಿಷಯ ಮಾತ್ರ ಯಾರೂ ಕೇಳದೇ ಇದ್ದರೂ ಕೊನೆಗೆ ಬಂದು ಕೂತಿದೆ. ಕಾಗದವೆಲ್ಲ ನೀವೇ ಜೋಡಿಸಿದಿರಿ, ಲೆಕ್ಕ ನೀವೇ ಹಾಕಿದಿರಿ, ಸಹಿ ಮತ್ತು ಸಹಿಯ ಜೊತೆ ಹಾಕುವ 18 ಅಂಕಿಯ ಗುರುತಿನ ಸಂಖ್ಯೆ, ಯುಡಿಐಎನ್, ಮಾತ್ರ ಇನ್ನೊಬ್ಬರದು. ಅದು ಚುಚ್ಚಿದೆ ಅಲ್ವಾ?

ನಮ್ಮ ಕಡೆ ಲೆಕ್ಕ ಬರೆಯುವವರೆಲ್ಲ ಜನರ ಬಾಯಲ್ಲಿ ಆಡಿಟರ್ರೇ. ಕಾಯ್ದೆಯ ಪ್ರಕಾರ ಹಾಗಲ್ಲ. ಕಂಪನಿ ಆಡಿಟ್, ಟ್ಯಾಕ್ಸ್ ಆಡಿಟ್, ನೀವು ಹೇಳಿದಂಥ ಸರ್ಟಿಫಿಕೇಟ್, ಇವಕ್ಕೆ ಪ್ರಾಕ್ಟೀಸ್‌ನಲ್ಲಿರುವ ಸಿಎ ಸಹಿ ಬೇಕು. ಹಾಗಾಗಿ ನಾನು ನಿಮ್ಮನ್ನು ಕೇಳುವುದು ಒಂದೇ. ಐದು ವರ್ಷ ಆದ ಮೇಲೆ ನೀವು ಎಲ್ಲಿ ಕೂತಿರಬೇಕು? ಫ್ಯಾಕ್ಟರಿಯ ಫೈನಾನ್ಸ್ ಕ್ಯಾಬಿನ್‌ನಲ್ಲೋ, ನಿಮ್ಮದೇ ಬೋರ್ಡ್ ಇರುವ ಒಂದು ಮಳಿಗೆಯಲ್ಲೋ? ಕ್ಯಾಬಿನ್ ಅಂದರೆ ಆ ಕುರ್ಚಿ ನಿಮಗೆ ಸಿಎ ಇಲ್ಲದೆಯೇ ಬರುತ್ತಿದೆ. ಮುಂದೆ ದೊಡ್ಡ ಕಂಪನಿಗೆ ಹೋಗುವಾಗ ಆ ಎರಡು ಅಕ್ಷರ ಕೇಳುತ್ತಾರೆ, ಸಂಬಳದಲ್ಲೂ ವ್ಯತ್ಯಾಸ ಆಗುತ್ತದೆ, ಅದು ನಿಜ. ಆದರೂ ಅದಿಲ್ಲದೆ ಬದುಕಬಹುದು. ಮಳಿಗೆ ಅಂದರೆ ಬೇರೆ ದಾರಿಯೇ ಇಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ತುಂಬಾ ಜನಕ್ಕೆ ಇದು ಪಾಸಾದ ಮೇಲೆ ಗೊತ್ತಾಗುತ್ತದೆ. ಪಾಸಾಗಿ ಮೆಂಬರ್‌ಶಿಪ್ ತೆಗೆದುಕೊಂಡರೂ, ಫುಲ್‌ಟೈಮ್ ನೌಕರಿಯಲ್ಲಿ ಇದ್ದುಕೊಂಡು ಭಾನುವಾರ ಆಡಿಟ್‌ಗೆ, ಸರ್ಟಿಫಿಕೇಟ್‌ಗೆ ಸಹಿ ಹಾಕುತ್ತೇನೆ ಅಂದರೆ ಸಿಎ ಸಂಸ್ಥೆ (ಐಸಿಎಐ) ಒಪ್ಪುವುದಿಲ್ಲ. ಬೇಕರಿಯವರಿಗೆ ಸಹಿ ಹಾಕಬೇಕು ಅಂದರೆ ಒಂದು ದಿನ ಸಂಬಳ ಬಿಡಬೇಕು. ಇಎಂಐ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಯಜಮಾನರ ಹತ್ತಿರ ಕೂತು ಮಾತಾಡಬೇಕಾಗಿರುವುದು ಇದನ್ನು.

ನನ್ನನ್ನು ಕೇಳಿದರೆ ಬರೆಯಿರಿ. ಆದರೆ ಮೇ ತಿಂಗಳಲ್ಲಿ ಬೇಡ.

2025ರಿಂದ ಫೈನಲ್ ಕೂಡ ವರ್ಷಕ್ಕೆ ಮೂರು ಸಲ, ಜನವರಿ, ಮೇ, ಸೆಪ್ಟೆಂಬರ್. ಮೂರು ಸಲ ಇದೆ ಅಂತ ಮೂರೂ ಸಲ ಹೋಗಿ ಕೂರುವವರಿದ್ದಾರೆ, ಪ್ರತಿ ಸಲ ಅರ್ಧ ಓದಿಕೊಂಡು. ನಿಮ್ಮ ಕೆಲಸದ ಕ್ಯಾಲೆಂಡರ್ ಗೋಡೆಗೆ ಹಾಕಿ ನೋಡಿ. ಮಾರ್ಚ್, ಏಪ್ರಿಲ್ ಪೂರ್ತಿ ಇಯರ್ ಎಂಡ್, ಸ್ಟಾಕ್ ಎಣಿಕೆ, ಆಡಿಟರ್ ಕೇಳಿದ ಶೆಡ್ಯೂಲ್‌ಗಳು. ಮೇ ಹೋಯಿತು. ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್ ಗಡುವು ಕುತ್ತಿಗೆ ಮೇಲೆ, ಜೊತೆಗೆ ಜೂನ್‌ನಿಂದ ಮಗಳ ಹೊಸ ಸ್ಕೂಲ್, ಅಂದರೆ ಎರಡು ತಿಂಗಳು ನೆಗಡಿ ಜ್ವರ. ಅದೂ ಹೋಯಿತು. ಉಳಿಯುವುದು ಜನವರಿ. ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳು, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನ್, ಇವು ಹೇಗೂ ಇರುತ್ತವೆ. ಆದರೆ ದಸರಾ ಆದ ಮೇಲೆ ಅಕೌಂಟ್ಸ್ ಡಿಪಾರ್ಟ್‌ಮೆಂಟ್ ಸ್ವಲ್ಪ ಉಸಿರಾಡುತ್ತದೆ. ವಾರ್ಷಿಕ ರಿಟರ್ನ್ ನವೆಂಬರ್‌ನಲ್ಲೇ ಮುಗಿಸಿಬಿಡಿ.

ಜುಲೈಯಿಂದ ಡಿಸೆಂಬರ್‌ವರೆಗೆ 26 ವಾರ. ಐದು ದಿನ ಬೆಳಿಗ್ಗೆ ಎರಡೆರಡು ಗಂಟೆ, ಭಾನುವಾರ ಐದು ಗಂಟೆ, ವಾರಕ್ಕೆ 15. ಒಟ್ಟು 390 ಗಂಟೆ. ಮೂರು ಪೇಪರ್‌ಗೆ, ಅದೂ ಒಂದು ಸಲ ಓದಿರುವವರಿಗೆ, ಇದು ಕಡಿಮೆಯೇನಲ್ಲ. ಶನಿವಾರ ಬಿಟ್ಟಿದ್ದೇನೆ ನೋಡಿ, ಬೇಕು ಅಂತಲೇ ಬಿಟ್ಟಿದ್ದೇನೆ. ಅಂಗಡಿಯವರ ರಿಟರ್ನ್ ಕೆಲಸ ಆರು ತಿಂಗಳು ಬೇರೆಯವರಿಗೆ ಒಪ್ಪಿಸಿ. ಆಡಿಟರ್ ಆಗುವುದಕ್ಕೆ ಆಡಿಟರ್ ಕೆಲಸ ಬಿಡಬೇಕು ಅನ್ನುವುದು ತಮಾಷೆಯೇ, ಏನು ಮಾಡೋದು.

ಇನ್ನು ಆ 145. ನೀವು ಬರೆದ ನವೆಂಬರ್‌ನಲ್ಲಿ ಗ್ರೂಪ್ 2 ದಾಟಿದವರು ನೂರಕ್ಕೆ 21 ಚಿಲ್ಲರೆ. ಪ್ರತಿ ಪೇಪರ್‌ನಲ್ಲಿ 40 ಬೇಕು, ಬಂದಿದೆ. ಒಟ್ಟು 150 ಬೇಕು, ಅಲ್ಲಿ ಜಾರಿದಿರಿ. ನನಗೆ ಬೇಜಾರಾಗಿದ್ದು ಆ 58 ನೋಡಿ. ಇನ್ನೆರಡು ಬಂದಿದ್ದರೆ 60, ಆ ಪೇಪರ್‌ಗೆ ಎಕ್ಸೆಂಪ್ಷನ್, ಒಟ್ಟು ಮಾತ್ರ 147, ಅಂದರೆ ಫೇಲೇ. ಆದರೂ ಮುಂದಿನ ಸಲಕ್ಕೆ ಒಂದು ಪೇಪರ್ ಭಾರ ಇಳಿಯುತ್ತಿತ್ತು. ಇರಲಿ. ಐಬಿಎಸ್ ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಕೇಸ್ ಸ್ಟಡಿ ಪೇಪರ್, ಅಲ್ಲಿ 58 ಬಂದಿದೆ ಅಂದರೆ ನಿಮಗೆ ವಿಷಯ ಅರ್ಥವಾಗಿದೆ, ಬಾಯಿಪಾಠ ಕೈಕೊಟ್ಟಿದೆ. 41 ಅಪಾಯದ ಮಾರ್ಕು, ಎರಡು ಕಡಿಮೆಯಾದರೆ ಗ್ರೂಪೇ ಹೋಗುತ್ತದೆ. ಶುರು ಅಲ್ಲಿಂದ ಮಾಡಿ. ಎರಡೂ ಟ್ಯಾಕ್ಸ್ ಪೇಪರ್‌ಗಳಲ್ಲಿ 30 ಮಾರ್ಕಿಗೆ ಎಂಸಿಕ್ಯೂ, ಅಂದರೆ ಸರಿ ಉತ್ತರ ಆರಿಸುವ ಪ್ರಶ್ನೆಗಳು, ತಪ್ಪಾದರೆ ಮಾರ್ಕು ಕಳೆಯುವುದಿಲ್ಲ. ನಿಮ್ಮ ಐದು ಮಾರ್ಕು ಅಲ್ಲೇ ಬಿದ್ದಿದೆ ಅಂತ ನನ್ನ ಅನುಮಾನ.

ಡೈರೆಕ್ಟ್ ಟ್ಯಾಕ್ಸ್ ವಿಷಯದಲ್ಲಿ ಇನ್ನೊಂದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ, 2026ರ ಏಪ್ರಿಲ್ 1ರಿಂದ ಜಾರಿ. 536 ಸೆಕ್ಷನ್. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ. 44ಎಬಿ, 80ಸಿ ಅಂತ ನಿದ್ದೆಯಲ್ಲೂ ಬರುತ್ತಿದ್ದ ನಂಬರುಗಳೆಲ್ಲ ಬದಲು. ನನ್ನಂಥವಳಿಗೇ ಇದು ಹೊಸದಾಗಿ ಅಕ್ಷರಾಭ್ಯಾಸ. ಯಾವ ಅಟೆಂಪ್ಟ್‌ಗೆ ಯಾವ ಕಾಯ್ದೆ ಅನ್ನುವುದನ್ನು ಸಂಸ್ಥೆಯ ಪ್ರಕಟಣೆಯಲ್ಲಿ ನೋಡಿಕೊಂಡೇ ಪುಸ್ತಕ ಕೊಳ್ಳಿ, ಹಳೆಯ ನೋಟ್ಸ್ ಮೇಲಿನ ಪ್ರೀತಿ ಬಿಡಿ. ಹೊಸ ಕ್ಲಾಸ್‌ಗೆ ದುಡ್ಡು ಸುರಿಯಬೇಡಿ. ಸಂಸ್ಥೆಯ ಸ್ಟಡಿ ಮೆಟೀರಿಯಲ್, ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್), ಮಾಕ್ ಟೆಸ್ಟ್ ಪೇಪರ್ ಪುಕ್ಕಟೆ ಸಿಗುತ್ತವೆ. ನಿಮಗೆ ಬೇಕಾಗಿರುವುದು ಮೂರು ಗಂಟೆ ಕೂತು ಕೈಯಲ್ಲಿ ಬರೆಯುವ ಅಭ್ಯಾಸ. ಟ್ಯಾಲಿ ಒತ್ತಿ ಒತ್ತಿ ನಮ್ಮೆಲ್ಲರ ಅಕ್ಷರ ಕೆಟ್ಟುಹೋಗಿದೆ.

ಮನೆ ವಿಷಯಕ್ಕೆ ಬರೋಣ. ನಾನು ಐದನೇ ಸಲಕ್ಕೆ ಪಾಸಾದವಳು. ಮೂರನೇ ಸಲ ಬರೆಯುವಾಗ ಮಗ ಕೈಗೂಸು. ತೊಟ್ಟಿಲಿನ ಹಗ್ಗ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಆಡಿಟಿಂಗ್ ಓದುತ್ತಿದ್ದೆ. ಕಾಲು ತೂಗುತ್ತಿತ್ತು, ತಲೆ ತೂಕಡಿಸುತ್ತಿತ್ತು. ಇದನ್ನು ಸಾಹಸ ಅಂತ ಹೇಳುತ್ತಿಲ್ಲ, ಆ ಸಲ ಫೇಲೇ ಆದೆ. ಪಾಸಾಗಿದ್ದು ಅಮ್ಮ ಬಂದು ಮಗನನ್ನು ಎರಡು ತಿಂಗಳು ಶಿರಸಿಗೆ ಕರೆದುಕೊಂಡು ಹೋದಾಗ. ಹಾಗಾಗಿ ಎಲ್ಲ ನಿಭಾಯಿಸಿಕೊಂಡು ಓದಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏನನ್ನಾದರೂ ಕೈಬಿಡಲೇಬೇಕು, ಯಾರಾದರೂ ಅದನ್ನು ಹಿಡಿಯಬೇಕು. ನಿಮ್ಮ ಯಜಮಾನರು "ಬಿಡು" ಅನ್ನುವುದು ನಿಮ್ಮ ಒದ್ದಾಟ ನೋಡಲಾಗದೆ, ಅದು ಗೊತ್ತಾಗುತ್ತದೆ. ಅವರಿಗೆ ಕೆಲಸ ಕೊಡಿ. ಬೆಳಿಗ್ಗೆ ಮಗಳ ಡಬ್ಬಿ, ಸ್ಕೂಲ್ ವ್ಯಾನ್, ಅತ್ತೆಯನ್ನು ಫಿಸಿಯೋಥೆರಪಿಗೆ ಕರೆದೊಯ್ಯುವುದು, ಆರು ತಿಂಗಳು ಅವರದು. ಸಪೋರ್ಟ್ ಮಾಡ್ತೀನಿ ಅನ್ನುವುದು ಸುಲಭ ಕಣ್ರೀ, ಡಬ್ಬಿ ತುಂಬುವುದು ಕಷ್ಟ. ಅವರು ಒಪ್ಪಿದರೆ ಫಾರ್ಮ್ ತುಂಬಿ.

ಅಪ್ಪನಿಗೆ ಹೀಗೆ ಹೇಳಿ: "ಜನವರಿಯಲ್ಲಿ ಬರೀತೀನಿ ಅಪ್ಪ. ಆಗದಿದ್ದರೆ ಇನ್ನೊಂದೇ ಸಲ. ಅಲ್ಲಿವರೆಗೆ ಕೇಳಬೇಡ, ರಿಸಲ್ಟ್ ಬಂದ ದಿನ ನಾನೇ ಫೋನ್ ಮಾಡ್ತೀನಿ." ಎರಡೇ ಸಲ ಅನ್ನುವುದು ಅಪ್ಪನಿಗೆ ಮಾತ್ರ ಅಲ್ಲ, ನಿಮಗೂ. ಆಮೇಲೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿ.

ಪ್ರಮೋಷನ್? ಪೀಣ್ಯದಿಂದ ಹೊಸೂರು ಅಂದರೆ ಊರಿನ ಈ ತುದಿಯಿಂದ ಆ ತುದಿ ದಾಟಿ ಇನ್ನೂ ಮುಂದೆ. ವಾರಕ್ಕೆ ಎರಡು ದಿನ ಆ ರಸ್ತೆ, ಮಾರನೇ ದಿನ ಬೆಳಿಗ್ಗೆ ಐದಕ್ಕೆ ಎದ್ದು ಓದು, ಆಗಲ್ಲ. ಮುಂದಿನ ಏಪ್ರಿಲ್‌ನಿಂದ ತೆಗೆದುಕೊಳ್ಳುತ್ತೇನೆ, ಪರೀಕ್ಷೆ ಇದೆ ಅಂತ ನೇರವಾಗಿ ಕೇಳಿ. ನಿಮ್ಮ ಕೆಲಸ ಚೆನ್ನಾಗಿದೆ ಅಂತ ತಾನೇ ಕರೆದಿದ್ದು, ಕಾಯಬಹುದು. ಕಾಯುವುದಿಲ್ಲ ಅಂದರೆ ಪ್ರಮೋಷನ್ ತೆಗೆದುಕೊಳ್ಳಿ, ಪರೀಕ್ಷೆಯನ್ನು ಅದರ ಮುಂದಿನ ಜನವರಿಗೆ ತಳ್ಳಿ. ಸಾಲ ಇರುವಾಗ ಸಂಬಳ ಮೊದಲು.

ಪ್ರಶ್ನೆ: ಹಾಸನದಲ್ಲಿ ಬಿಕಾಂ ಕೊನೆಯ ವರ್ಷ. 58% ಬರಬಹುದು. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ, ನನಗೆ ಸಿಎ ಆಸೆ. ತಂಗಿ ಪಿಯುಸಿಯಲ್ಲಿದ್ದಾಳೆ, ಅಪ್ಪನದು ಆಟೋ.

ಉತ್ತರ: ಕಾಮರ್ಸ್ ಪದವಿಯಲ್ಲಿ 55% ಇದ್ದರೆ ಸಿಎಯ ಮೊದಲ ಹಂತದ ಫೌಂಡೇಶನ್ ಇಲ್ಲದೆ ನೇರ ಎರಡನೇ ಹಂತದ ಇಂಟರ್‌ಗೆ ಹೋಗಬಹುದು, ನಿನ್ನದು ಸಾಕು. ಇಂಟರ್ ಓದಿಗೆ ಎಂಟು ತಿಂಗಳು, ಎರಡೂ ಗ್ರೂಪ್ ಆದ ಮೇಲೆ ಆರ್ಟಿಕಲ್‌ಶಿಪ್ ಎರಡು ವರ್ಷ (ಮೊದಲು ಮೂರಿತ್ತು), ಆಮೇಲೆ ಆರು ತಿಂಗಳು ಬಿಟ್ಟು ಫೈನಲ್. ಎಲ್ಲೂ ಎಡವದಿದ್ದರೆ ಮೂರೂವರೆ ವರ್ಷದ ಲೆಕ್ಕ. ಎಡವದೇ ಇರುವವರು ಕಡಿಮೆ, ಐದು ಅಂತ ಇಟ್ಟುಕೋ. ಆ ಅವಧಿಯಲ್ಲಿ ಸಿಗುವ ಸ್ಟೈಪೆಂಡ್ ಬಸ್ಸಿಗೆ, ಊಟಕ್ಕೆ ಆದರೆ ಪುಣ್ಯ. ತಂಗಿಯ ಫೀಸು ನಿನ್ನ ತಲೆ ಮೇಲೆ ಬರುತ್ತದಾ? ಅಪ್ಪನನ್ನೇ ಕೇಳು, ಅಂದಾಜು ಮಾಡಬೇಡ. ಬರುವುದಿಲ್ಲ ಅಂದರೆ ಇಂಟರ್‌ಗೆ ಒಂದು ವರ್ಷ ಕೊಡು, ಎರಡು ಪ್ರಯತ್ನದಲ್ಲಿ ಒಂದು ಗ್ರೂಪ್ ಆದರೂ ಆಗದಿದ್ದರೆ ಬ್ಯಾಂಕ್. ಬರುತ್ತದೆ ಅಂದರೆ ಮೊದಲು ಬ್ಯಾಂಕ್ ಪರೀಕ್ಷೆಯೇ ಬರಿ.

ಪ್ರಶ್ನೆ: 46 ವರ್ಷ, ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ಬಿಕಾಂ ಆಗಿದೆ. ಈ ವಯಸ್ಸಿನಲ್ಲಿ ಸಿಎ ಆಗಬಹುದೇ?

ಉತ್ತರ: ವಯಸ್ಸಿನ ಮಿತಿ ಇಲ್ಲ ಸರ್. ಆದರೆ ಎರಡು ವರ್ಷ ಆರ್ಟಿಕಲ್ ಆಗಿ, ಮಿಲ್ಲಿನ ಸಂಬಳ ಬಿಟ್ಟು, ಮಗನ ವಯಸ್ಸಿನ ಸೀನಿಯರ್ ಹೇಳಿದ ವೋಚರ್‌ಗೆ ಟಿಕ್ ಹಾಕುತ್ತಾ ಕೂರಲು ತಯಾರಿದ್ದೀರಾ? ಇಲ್ಲ ಅಂದರೆ ಬೇರೆಯವರ ಜಿಎಸ್‌ಟಿ ರಿಟರ್ನ್ ಮಾಡಿಕೊಡುವ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ. ಬಿಕಾಂ ಸಾಕು, ಪೋರ್ಟಲ್‌ನಲ್ಲಿ ಪಿಸಿಟಿ 01 ಫಾರ್ಮ್, ನಂತರ ಒಂದು ಪರೀಕ್ಷೆ. ನಿಮ್ಮ ಮಿಲ್ಲಿನ ಅಕ್ಕಪಕ್ಕದ ಗೋಡೌನ್‌ಗಳಲ್ಲೇ ನಿಮಗೆ ಬೇಕಾದಷ್ಟು ಗಿರಾಕಿಗಳಿದ್ದಾರೆ, ತೊಗರಿ ಸುಗ್ಗಿ ಮುಗಿಯಲಿ, ಹೋಗಿ ಮಾತಾಡಿಸಿ.