ಮೊದಲು ಬಂದೂಕಿಗೆ ಬೀಗ, ಆಮೇಲೆ ಮತಗಟ್ಟೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಂತರ್ಯುದ್ಧದ ನಡುವೆ ಕದನವಿರಾಮ ಮತ್ತು ಚುನಾವಣೆ ಹೇಗೆ ನಡೆಯುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಟಿವ್ಯಾಗ ದೊಡ್ಡ ದೊಡ್ಡ ಮಂದಿ ಕುಂತು, ‘ಆ ದೇಶದಾಗ ಲಗೂನ ಒಂದು ಇಲೆಕ್ಷನ್ ಮಾಡಿದ್ರ ಜಗಳ ಮುಗೀತೈತಿ’ ಅಂತಾರ. ನಮ್ಮೂರ ಸೊಸೈಟಿ ಇಲೆಕ್ಷನ್ ಮುಗಿದ ಮ್ಯಾಲೇನ ಖರೇ ಜಗಳ ಚಾಲೂ ಆಗೋದು. ಬಂದೂಕು ಹಿಡಿದವರ ನಡುವ ಇದು ಹೆಂಗ ಆಗ್ತೈತ್ರಿ?
– ಕಬ್ಬು ಬೆಳೆಗಾರರು, ಜಮಖಂಡಿ

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅವಸರದ ಚುನಾವಣೆ ಏನು ಮಾಡುತ್ತದೆಂದು ತಿಳಿಯಲು ಆಫ್ರಿಕಾದ ಅಂಗೋಲಾ ನೋಡಬೇಕು. ಅಲ್ಲಿನ ಸರ್ಕಾರಕ್ಕೂ ಜೊನಾಸ್ ಸವಿಂಬಿಯ ಬಂಡುಕೋರ ಯುನಿಟಾ ಪಡೆಗೂ 1991ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಎರಡೂ ಕಡೆಯ ಸೈನಿಕರು ಶಿಬಿರ ಸೇರಿ, ಆಯುಧ ಒಪ್ಪಿಸಿ, ಒಂದೇ ಸೇನೆಯಾಗಬೇಕಿತ್ತು. 1992ರ ಸೆಪ್ಟೆಂಬರ್ 29 ಮತ್ತು 30ರಂದು ಮತದಾನ ಶುರುವಾದಾಗ ಆ ಕೆಲಸ ಇನ್ನೂ ಮುಗಿದಿರಲೇ ಇಲ್ಲ. ಕರ್ನಾಟಕದ ಆರು ಪಟ್ಟಿಗಿಂತ ದೊಡ್ಡ ದೇಶ ಅದು. ವಿಶ್ವಸಂಸ್ಥೆಯ ಸೇನಾ ವೀಕ್ಷಕರು ಇದ್ದದ್ದು ಸುಮಾರು 350 ಮಂದಿ. ಅಧ್ಯಕ್ಷ ದೊಸ್ ಸಾಂಟೊಸ್ ಅವರಿಗೆ ಶೇ 49.57, ಸವಿಂಬಿಗೆ ಶೇ 40.07 ಮತ ಬಂತು. ಯಾರೂ ಅರ್ಧ ದಾಟದ್ದರಿಂದ ಎರಡನೇ ಸುತ್ತು ನಡೆಯಬೇಕಿತ್ತು. ಸವಿಂಬಿ ‘ಇದು ಮೋಸ’ ಎಂದು ಪಡೆಯನ್ನು ಮತ್ತೆ ಯುದ್ಧಕ್ಕೆ ಇಳಿಸಿದ. ಅದು ನಿಂತದ್ದು 2002ರಲ್ಲಿ, ಅವನು ಸತ್ತ ಮೇಲೆ.

ಅಲ್ಲಿ ಎಣಿಕೆ ಕೆಟ್ಟಿರಲಿಲ್ಲ. ವಿಶ್ವಸಂಸ್ಥೆ ಆಯ್ದ ಮತಗಟ್ಟೆಗಳಲ್ಲಿ ಬೇರೆಯಾಗಿ ಮಾಡಿಸಿದ ಮಾದರಿ ಎಣಿಕೆಯಲ್ಲೂ ಹೆಚ್ಚುಕಡಿಮೆ ಇದೇ ಫಲಿತಾಂಶ ಬಂದಿತ್ತು. ಸೋತವನ ಕೈಯಲ್ಲಿ ಪಡೆ ಹಾಗೇ ಉಳಿದಿತ್ತು, ಅಧಿಕಾರವೆಲ್ಲ ಅಧ್ಯಕ್ಷನ ಒಂದು ಕುರ್ಚಿಯಲ್ಲಿತ್ತು. ಕೆಟ್ಟದ್ದು ಅಲ್ಲಿ.

ಈ ಪಾಠವನ್ನು ಮೊದಲು ಕಲಿತದ್ದು ಮೊಜಾಂಬಿಕ್. 1992ರ ಅಕ್ಟೋಬರ್ 4ರ ರೋಮ್ ಒಪ್ಪಂದದ ಪ್ರಕಾರ ವರ್ಷದೊಳಗೆ ಚುನಾವಣೆ ಆಗಬೇಕಿತ್ತು. ಸೈನಿಕರು ಶಿಬಿರಕ್ಕೆ ಬಾರದೆ ಮತದಾನ ಬೇಡ ಎಂದು ಅದನ್ನು 1994ರ ಅಕ್ಟೋಬರ್‌ಗೆ ಮುಂದೂಡಿದರು. 49 ಕಡೆ ಶಿಬಿರ ತೆರೆದರು. ಬಂಡುಕೋರ ರೆನಾಮೊ ಪಡೆ ರಾಜಕೀಯ ಪಕ್ಷವಾಗಿ ನಿಲ್ಲಲೆಂದು ಒಂದು ನಿಧಿಯನ್ನೇ ಕಟ್ಟಿದರು. ಇದು ಬಂಡುಕೋರರಿಗೆ ಲಂಚವಲ್ಲವೇ ಎಂದರೆ, ಹೌದು, ಒಂದು ಲೆಕ್ಕದಲ್ಲಿ ಲಂಚವೇ. ಅಂಗೋಲಾದ ಇನ್ನೂ ಹತ್ತು ವರ್ಷದ ಯುದ್ಧಕ್ಕಿಂತ ಅಗ್ಗದ್ದು. ಮತದಾನದ ಹಿಂದಿನ ದಿನ ರೆನಾಮೊ ನಾಯಕ ‘ನಾವು ಬಹಿಷ್ಕರಿಸುತ್ತೇವೆ’ ಎಂದ. ಓಲೈಸಿ ಕರೆತಂದು, ಎರಡು ದಿನದ ಮತದಾನಕ್ಕೆ ಮೂರನೇ ದಿನ ಸೇರಿಸಿದರು. 250 ಸ್ಥಾನಗಳಲ್ಲಿ ಆಳುವ ಪಕ್ಷಕ್ಕೆ 129, ರೆನಾಮೊಗೆ 112. ಅಷ್ಟು ಜನ ಸಂಸತ್ತಿನಲ್ಲಿ ಕುಳಿತ ಮೇಲೆ ಕಾಡಿಗೆ ಮರಳುವ ಆತುರ ಯಾರಿಗಿರುತ್ತದೆ?

ಪ್ರಶ್ನೆ: ಕದನವಿರಾಮ ಪತ್ರದಲ್ಲಿ ನಿಜಕ್ಕೂ ಏನೇನು ಬರೆದಿರುತ್ತಾರೆ? ಸಹಿ ಬಿದ್ದ ವಾರದಲ್ಲೇ ಮುರಿದು ಬೀಳುವುದೇಕೆ?
– ರಾಜ್ಯಶಾಸ್ತ್ರ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ‘ಉಭಯ ಪಕ್ಷಗಳೂ ಶಾಂತಿ ಕಾಪಾಡತಕ್ಕದ್ದು’ ಎಂದಷ್ಟೇ ಬರೆದಿದ್ದರೆ ವಾರವೂ ಬಾಳದು. ಯಾವ ದಿನ, ಎಷ್ಟು ಗಂಟೆಯಿಂದ ಎಂದು ಇರಬೇಕು. ಯಾರ ಪಡೆ ಎಲ್ಲಿವರೆಗೆ ಎಂದು ನಕ್ಷೆಯಲ್ಲಿ ಗೆರೆ ಎಳೆದಿರಬೇಕು. ಶ್ರೀಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ 2002ರ ಫೆಬ್ರುವರಿಯಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಎದುರುಬದುರು ಮುಂಚೂಣಿ ನೆಲೆಗಳ ನಡುವೆ ಕನಿಷ್ಠ 600 ಮೀಟರ್ ಖಾಲಿ ಬಿಡಬೇಕೆಂದು ಬರೆದಿತ್ತು. ಗುಂಡು ಹಾರಿಸುವುದನ್ನು ಮಾತ್ರ ನಿಷೇಧಿಸಿದರೆ ಸಾಲದು; ಅಪಹರಣ, ಸುಲಿಗೆ, ಹೊಸ ನೇಮಕ, ನೆಲಬಾಂಬ್ ಹೂಳುವುದು, ಫಿರಂಗಿ ಸಾಗಿಸುವುದು ಎಲ್ಲವನ್ನೂ ಹೆಸರಿಸಬೇಕು. ಹೆಸರಿಸದ್ದನ್ನು ಮರುದಿನವೇ ಮಾಡುತ್ತಾರೆ.

ಶ್ರೀಲಂಕಾದಲ್ಲಿ ನಾರ್ವೆ ಮುಂದಾಳತ್ವದ ವೀಕ್ಷಕರಿದ್ದರು. ಉಲ್ಲಂಘನೆ ಎಂದು ದಾಖಲಿಸಬಹುದಿತ್ತು, ದಂಡಿಸುವ ಅಧಿಕಾರ ಅವರಿಗಿರಲಿಲ್ಲ. ದೂರುಗಳ ರಾಶಿ ಬೆಳೆಯಿತು, ಮಕ್ಕಳನ್ನು ಪಡೆಗೆ ಎಳೆದೊಯ್ದದ್ದೂ ಅದರಲ್ಲಿತ್ತು. 2008ರ ಜನವರಿಯಲ್ಲಿ ಒಪ್ಪಂದ ಅಧಿಕೃತವಾಗಿ ಸತ್ತಿತು. ಸಿರಿಯಾದಲ್ಲಿ 2016ರ ಫೆಬ್ರುವರಿಯ ವಿರಾಮಕ್ಕೆ ಬೇರೆ ರೋಗ. ಐಸಿಸ್ ಮತ್ತು ನುಸ್ರಾ ಎಂಬ ಉಗ್ರ ಗುಂಪುಗಳು ಅದರ ಹೊರಗೆ, ಅವುಗಳ ಮೇಲೆ ದಾಳಿ ಮಾಡಬಹುದು ಎಂದಿತ್ತು. ಯಾರ ಮೇಲೆ ಬಾಂಬ್ ಹಾಕಿದರೂ ‘ಅಲ್ಲಿ ನುಸ್ರಾ ಇತ್ತು’ ಎಂದರೆ ಮುಗಿಯಿತು.

ಇನ್ನೊಂದನ್ನು ಪತ್ರಿಕೆಗಳು ಬರೆಯುವುದಿಲ್ಲ: ಶಿಬಿರದ ಊಟ. ಅಕ್ಕಿ, ಔಷಧಿ, ಭತ್ಯೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಹುಡುಗರು ಪಕ್ಕದ ಹಳ್ಳಿಗೆ ನುಗ್ಗುತ್ತಾರೆ, ಅದೇ ಮೊದಲ ಉಲ್ಲಂಘನೆಯಾಗುತ್ತದೆ.

ಆಯುಧದ ವಿಷಯಕ್ಕೆ ನೇಪಾಳದ ಏರ್ಪಾಡು ನೋಡುವಂಥದ್ದು. 2006ರ ನವೆಂಬರ್ 21ರ ಶಾಂತಿ ಒಪ್ಪಂದದ ನಂತರ ಮಾವೋವಾದಿಗಳು ಏಳು ಮುಖ್ಯ ಶಿಬಿರಗಳಿಗೆ ಬಂದರು. ಬಂದೂಕುಗಳನ್ನು ಒಂದೊಂದಾಗಿ ದಾಖಲಿಸಿ ಕಬ್ಬಿಣದ ಕಂಟೇನರ್‌ಗೆ ತುಂಬಿದರು. ಬೀಗದ ಕೈ ಮಾವೋವಾದಿಗಳ ಬಳಿಯೇ. ಆದರೆ ಬಾಗಿಲು ತೆಗೆದರೆ ಸೈರನ್ ಕೂಗುತ್ತದೆ, ಕ್ಯಾಮೆರಾ ನೋಡುತ್ತಿರುತ್ತದೆ, ವಿಶ್ವಸಂಸ್ಥೆಯವರು ಅಲ್ಲೇ ಕಾವಲಿರುತ್ತಾರೆ. ನೇಪಾಳಿ ಸೇನೆಯೂ ಅಷ್ಟೇ ಸಂಖ್ಯೆಯ ಆಯುಧಗಳನ್ನು ಹೀಗೆಯೇ ಬೀಗದಲ್ಲಿ ಇಟ್ಟಿತು. ಶರಣಾಗತಿ ಎನ್ನಿಸಲಿಲ್ಲ, ಬಂದೂಕು ಕೈಗೂ ಸಿಗಲಿಲ್ಲ. ಎರಡು ಸಲ ಮುಂದೂಡಿದ ಚುನಾವಣೆ 2008ರ ಏಪ್ರಿಲ್ 10ಕ್ಕೆ ನಡೆಯಿತು.

ಪ್ರಶ್ನೆ: ಪಿಆರ್‌ಒ (ಮತಗಟ್ಟೆಯ ಮುಖ್ಯ ಅಧಿಕಾರಿ) ಆಗಿ ಹಲವು ಸಲ ಡ್ಯೂಟಿ ಮಾಡಿದ್ದೇನೆ. ಅಣಕು ಮತದಾನ, ಏಜೆಂಟರ ಸಹಿ, ಸೀಲು, ಬಿದ್ದ ಮತಗಳ ಲೆಕ್ಕ ಬರೆಯುವ 17ಸಿ ನಮೂನೆ ಎಲ್ಲ ಗೊತ್ತು. ಯುದ್ಧಪೀಡಿತ ದೇಶದಲ್ಲಿ ಇದಕ್ಕಿಂತ ಬೇರೆ ಏನಿರುತ್ತದೆ?
– ಪ್ರೌಢಶಾಲಾ ಶಿಕ್ಷಕರು, ಸಿಂದಗಿ

ಉತ್ತರ: ಕಾಗದಪತ್ರ ಬಹುಪಾಲು ನಿಮಗೆ ಗೊತ್ತಿರುವಂಥದ್ದೇ. ದೊಡ್ಡ ವ್ಯತ್ಯಾಸ ಎಣಿಕೆಯ ಜಾಗದಲ್ಲಿ. ನಮ್ಮ ಸ್ಟ್ರಾಂಗ್ ರೂಮನ್ನು ನಂಬುವಂತೆ ಅಲ್ಲಿ ಯಾರೂ ನಂಬುವುದಿಲ್ಲ. ಪೆಟ್ಟಿಗೆ ರಾತ್ರಿ ಲಾರಿ ಹತ್ತಿತೆಂದರೆ ಬದಲಾಯಿತು ಎಂದೇ ಅರ್ಥ. ಹಾಗಾಗಿ ಮತಗಟ್ಟೆಯಲ್ಲೇ ಎಣಿಸಿ, ಏಜೆಂಟರ ಸಹಿ ಪಡೆದು, ಫಲಿತಾಂಶದ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುವುದು ಒಳ್ಳೆಯದು. ಆಯ್ದ ಮತಗಟ್ಟೆಗಳ ಪ್ರತಿಗಳನ್ನು ವೀಕ್ಷಕರು ಕೂಡಿಸಿ ನೋಡಿದರೆ ರಾಜಧಾನಿಯಲ್ಲಿ ಅಂಕಿ ತಿರುಚಿದ್ದು ಸಿಕ್ಕಿಬೀಳುತ್ತದೆ. ಆದರೆ ಯಾವ ಹಳ್ಳಿ ಯಾರಿಗೆ ಹಾಕಿತೆಂದು ಬಾಗಿಲಲ್ಲೇ ಗೊತ್ತಾದರೆ ಮರುದಿನ ಬಂದೂಕಿನವರು ಬರುತ್ತಾರೆ. ಸೇಡಿನ ಭಯ ಹೆಚ್ಚಿದ್ದಲ್ಲಿ ಹಲವು ಮತಗಟ್ಟೆಗಳ ಮತಪತ್ರ ಬೆರೆಸಿ ಎಣಿಸುವುದೇ ವಾಸಿ. ಮತಪತ್ರದ ಕಾಲದಲ್ಲಿ ನಮ್ಮಲ್ಲೂ ಆ ಕ್ರಮವಿತ್ತು.

ಶಾಯಿಯದೂ ಇದೇ ಇಕ್ಕಟ್ಟು. ಅದರಲ್ಲಿನ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಹಿಡಿಯುತ್ತದೆ, ಉಗುರು ಬೆಳೆದು ಹೋಗುವವರೆಗೂ ಉಳಿಯುತ್ತದೆ. ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಈ ಶಾಯಿ ಹೊರದೇಶಗಳಿಗೂ ಹೋಗುತ್ತದೆ. ಎರಡು ಸಲ ಮತ ಹಾಕುವವನನ್ನು ಅದು ತಡೆಯುತ್ತದೆ ನಿಜ. ಆದರೆ 2014ರ ಜೂನ್‌ನಲ್ಲಿ ಅಫ್ಗಾನಿಸ್ತಾನದ ಹೆರಾತ್‌ನಲ್ಲಿ ತಾಲಿಬಾನಿಗಳು ಮತ ಹಾಕಿದ 11 ಮಂದಿಯ ಬೆರಳು ಕತ್ತರಿಸಿದರು. ಅಂಥ ಕಡೆ ಕಣ್ಣಿಗೆ ಕಾಣದ ಶಾಯಿ ಹಚ್ಚಿ, ಬಾಗಿಲಲ್ಲಿ ನೇರಳಾತೀತ ದೀಪ ಹಿಡಿದು ಬೆರಳು ನೋಡಬಹುದು. ದಕ್ಷಿಣ ಆಫ್ರಿಕಾ 1994ರಲ್ಲಿ ಹೀಗೆಯೇ ಮಾಡಿತು. ದೀಪಕ್ಕೆ ಬ್ಯಾಟರಿ ಬೇಕು, ಬಿಸಿಲಲ್ಲಿ ಗುರುತು ಕಾಣದು. ಒಳಗೆ ಕತ್ತಲೆ ಮೂಲೆಯೊಂದನ್ನು ಮಾಡಿಕೊಳ್ಳಬೇಕು.

ಪ್ರಶ್ನೆ: ಜನ ಹೆದರಿ ಬಂಡುಕೋರನಿಗೇ ಮತ ಹಾಕಿದರೆ?
– ಓದುಗರು, ಬೈಲಹೊಂಗಲ

ಉತ್ತರ: ಲೈಬೀರಿಯಾದಲ್ಲಿ 1997ರ ಜುಲೈನಲ್ಲಿ ಅದೇ ಆಯಿತು. ಸೋತರೆ ಮತ್ತೆ ಯುದ್ಧ ಮಾಡುತ್ತಾನೆ ಎಂಬ ಭಯವೂ ಸೇರಿ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್‌ಗೆ ಸುಮಾರು ಶೇ 75 ಮತ ಬಿತ್ತು. ಎರಡು ವರ್ಷದಲ್ಲಿ ಅವನ ವಿರುದ್ಧವೇ ಇನ್ನೊಂದು ಯುದ್ಧ ಎದ್ದಿತು. 2003ರ ಆಗಸ್ಟ್ ಒಪ್ಪಂದದ ನಂತರ ಅವಸರ ಮಾಡಲಿಲ್ಲ: ವಿಶ್ವಸಂಸ್ಥೆಯ ಸುಮಾರು 15,000 ಸೈನಿಕರು ಬಂದರು, ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹೋರಾಟದಿಂದ ಬಿಡಿಸಿದರು, ಎರಡು ವರ್ಷ ಕಾದು 2005ರಲ್ಲಿ ಮತದಾನ ಮಾಡಿಸಿದರು. ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದರು. ಸೋತ ಫುಟ್‌ಬಾಲ್ ಆಟಗಾರ ಜಾರ್ಜ್ ವೀಯಾ ಮೊದಲು ಅಕ್ರಮ ಎಂದು ದೂರಿದರೂ ಕೊನೆಗೆ ದೂರು ಕೈಬಿಟ್ಟರು. 2017ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮತದಿಂದಲೇ ಗೆದ್ದು ಬಂದರು.