ಮೆಷಿನ್ ಗನ್ನಿನ ಹಾಚ್‌ಕಿಸ್, ಕಾರಿನ ಹಾಚ್‌ಕಿಸ್ ಎರಡೂ ಒಂದೇನಾ?

ಪ್ರಶ್ನೆ: ನಾನು ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದೇನೆ. ಪಾಠದಲ್ಲಿ ‘ಹಾಚ್‌ಕಿಸ್ ಡ್ರೈವ್’ ಅಂತ ಬರುತ್ತದೆ. ಸೇನೆಯಲ್ಲಿದ್ದ ನಮ್ಮ ದೊಡ್ಡಪ್ಪ ಅದು ಮೆಷಿನ್ ಗನ್ನಿನ ಹೆಸರು ಅನ್ನುತ್ತಾರೆ. ಯಾರು ಸರಿ? ಗನ್ ಮಾಡುವವರು ಕಾರಿಗೆ ಯಾಕೆ ಕೈ ಹಾಕಿದರು?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಬ್ಬರೂ ಸರಿ. ಎರಡೂ ಒಂದೇ ಕಂಪನಿ. ಹಾಚ್‌ಕಿಸ್ ಕಾರಿನ ಲಾಂಛನದಲ್ಲೇ ಅಡ್ಡಡ್ಡ ಇಟ್ಟ ಎರಡು ಫಿರಂಗಿಗಳಿದ್ದವು.

ಕಂಪನಿ ಫ್ರಾನ್ಸಿನದು, ಕಟ್ಟಿದವರು ಅಮೆರಿಕದವರು. ಕನೆಕ್ಟಿಕಟ್‌ನ ಬೆಂಜಮಿನ್ ಹಾಚ್‌ಕಿಸ್ 1867ರಲ್ಲಿ ಫ್ರಾನ್ಸಿಗೆ ಹೋದರು. ಆಮೇಲೆ ಪ್ಯಾರಿಸ್ ಪಕ್ಕದ ಸೆಂ-ದೆನಿಯಲ್ಲಿ ಕಾರ್ಖಾನೆ ಬಂತು. ಐದು ನಳಿಗೆ ಸುತ್ತುತ್ತಾ ಗುಂಡು ಹಾರಿಸುವ 37 ಮಿ.ಮೀ. ಫಿರಂಗಿ ಅವರಿಗೆ ಹೆಸರು ತಂದಿತು. ಆ ಹೆಸರಿಗೆ ರಕ್ತವೂ ಅಂಟಿದೆ. 1890ರಲ್ಲಿ ಅಮೆರಿಕದ ವೂಂಡೆಡ್ ನೀಯಲ್ಲಿ ಸೈನಿಕರು ಹೆಂಗಸರು, ಮಕ್ಕಳು ಎನ್ನದೆ ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನರನ್ನು ಕೊಂದರು. ಅಲ್ಲಿ ಬಳಸಿದ್ದು ಇದೇ ಕಂಪನಿಯ ಚಿಕ್ಕ ಫಿರಂಗಿಗಳನ್ನು. ಕಾರಿನ ಕಥೆ ಹೇಳುವಾಗ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಕಾರಿಗೆ ಯಾಕೆ ಬಂದರು? 1900ರ ಸುಮಾರಿಗೆ ಆಯುಧದ ಆರ್ಡರ್ ಕಡಿಮೆಯಾಗಿತ್ತು. ಯಂತ್ರಗಳು ಸುಮ್ನೆ ನಿಲ್ಲಬಾರದಲ್ವಾ? ನಳಿಗೆಯನ್ನು ಕರಾರುವಾಕ್ಕಾಗಿ ಕೊರೆಯುವ ಕೈಗಳಿಗೆ ಎಂಜಿನ್ನಿನೊಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಕಷ್ಟವಾಗಲಿಲ್ಲ. ಮೊದಲು ಪನಾರ್‌ನಂಥ ಕಾರು ಕಂಪನಿಗಳಿಗೆ ಅದನ್ನು ಮಾಡಿಕೊಟ್ಟರು. 1903ರಲ್ಲಿ ತಮ್ಮದೇ ಕಾರಿಗೆ ಇಳಿದರು.

ಈಗ ನಿಮ್ಮ ಪಾಠಕ್ಕೆ ಬರೋಣ. ಎಂಜಿನ್ ಚಕ್ರ ತಿರುಗಿಸಿದಾಗ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಜೊತೆಗೆ ಆಕ್ಸಲ್‌ನ ಹೌಸಿಂಗ್, ಅಂದರೆ ಹೊರಕವಚ, ತಾನೇ ಉಲ್ಟಾ ತಿರುಗಲು ನೋಡುತ್ತದೆ. ಟಾರ್ಕ್ ಟ್ಯೂಬ್ ಪದ್ಧತಿಯಲ್ಲಿ ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಇರುವ ಗಟ್ಟಿ ಕೊಳವೆ ಅದನ್ನು ತಡೆಯುತ್ತದೆ. ಹಾಚ್‌ಕಿಸ್ ಡ್ರೈವ್‌ನಲ್ಲಿ ಆ ಕೊಳವೆಯೇ ಇಲ್ಲ, ಶಾಫ್ಟ್ ಕಣ್ಣಿಗೆ ಕಾಣುತ್ತದೆ. ಗಾಡಿಯ ಭಾರ ಹೊತ್ತ ಲೀಫ್ ಸ್ಪ್ರಿಂಗ್‌ಗಳೇ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ನೂಕುವ ಬಲವನ್ನು ಗಾಡಿಯ ಚೌಕಟ್ಟಾದ ಚಾಸಿಗೆ ದಾಟಿಸುತ್ತವೆ, ತಿರುಚುವ ಬಲವನ್ನೂ ತಾಳಿಕೊಳ್ಳುತ್ತವೆ. ಸ್ಪ್ರಿಂಗ್ ಬಾಗಿದಂತೆ ಆಕ್ಸಲ್ ಜಾಗ ಬದಲಿಸುತ್ತದೆ. ಅದಕ್ಕೇ ಶಾಫ್ಟಿನ ಎರಡೂ ತುದಿಗೆ ಯುಜೆ ಕ್ರಾಸ್ (ಓರೆಯಾದರೂ ತಿರುಗುವ ಕೀಲು), ಉದ್ದ ಹೊಂದಿಸಲು ಒಂದು ಸ್ಲಿಪ್ ಜಾಯಿಂಟ್. ಬಿಡಿಭಾಗ ಕಡಿಮೆ, ಖರ್ಚು ಕಡಿಮೆ, ರಿಪೇರಿ ಸುಲಭ. ನಮ್ಮ ಅಂಬಾಸಿಡರ್‌ನ ಹಿಂಭಾಗದಲ್ಲಿ ಇದ್ದದ್ದೂ ಇದೇ.

ಅಂಬಾಸಿಡರ್‌ಗೆ ಇನ್ನೊಂದು ದೂರದ ನಂಟೂ ಇದೆ, ನನಗೆ ಅದು ಬಹಳ ಇಷ್ಟ. ಮೊದಲ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಮೆಷಿನ್ ಗನ್ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಅಲ್ಲಿ ಮಾರಿಸ್ ಕಾರುಗಳಿಗೆ ಎಂಜಿನ್ ತಯಾರಾಯಿತು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡಿತು. ಅಂಬಾಸಿಡರ್ ಬಂದದ್ದು ಮಾರಿಸ್ ಆಕ್ಸ್‌ಫರ್ಡ್‌ನಿಂದ ತಾನೇ?

ಹಾಚ್‌ಕಿಸ್ ಕಾರುಗಳು 1932, 33, 34ರಲ್ಲಿ ಸಾಲಾಗಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದವು. 1939, 1949, 1950ರಲ್ಲಿ ಮತ್ತೆ ಗೆದ್ದವು. ನಡುವೆ 1936ರಲ್ಲಿ ಆಯುಧದ ವಿಭಾಗವನ್ನು ಫ್ರೆಂಚ್ ಸರ್ಕಾರ ತೆಗೆದುಕೊಂಡಿತು. ಎರಡನೇ ಮಹಾಯುದ್ಧದ ನಂತರ ದೊಡ್ಡ, ದುಬಾರಿ ಕಾರು ಕೊಳ್ಳುವವರು ಕಡಿಮೆಯಾದರು. ಆಗ ಗ್ರೆಗ್ವಾರ್ ಎಂಬ ಎಂಜಿನಿಯರ್ ರೂಪಿಸಿದ ಕಾರನ್ನು ಕಂಪನಿ ನಂಬಿತು. ಅದು ಮುಂದಿನ ಚಕ್ರ ಎಳೆಯುವ ಕಾರು, ಹಾಚ್‌ಕಿಸ್ ಡ್ರೈವೇ ಇಲ್ಲದ ಹಾಚ್‌ಕಿಸ್! ಸುಮಾರು 250 ಮಾತ್ರ ತಯಾರಾದವು. 1950ರ ದಶಕದ ಮಧ್ಯದಲ್ಲಿ ಕಾರು ತಯಾರಿಕೆಯೇ ನಿಂತಿತು. ಫ್ರೆಂಚ್ ಸೇನೆಗಾಗಿ ಲೈಸೆನ್ಸ್ ಪಡೆದು ಮಾಡುತ್ತಿದ್ದ ಜೀಪು 1966ರವರೆಗೆ ಬಂತು.

ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಲೀಫ್ ಸ್ಪ್ರಿಂಗ್‌ನ ಹಳೇ ಜೀಪೊಂದು ಇದ್ದರೆ, ಯಾರಾದರೂ ಕ್ಲಚ್ ಬಿಡುವಾಗ ಪಕ್ಕದಲ್ಲಿ ದೂರ ನಿಂತು ಹಿಂದಿನ ಸ್ಪ್ರಿಂಗ್ ಗಮನಿಸಿ. ಗಾಡಿ ಹೊರಡುವ ಮೊದಲು ಅದು ಒಂಚೂರು ತಿರುಚಿಕೊಳ್ಳುತ್ತದೆ. ಸಾಧ್ಯವಾದರೆ ದೊಡ್ಡಪ್ಪನವರನ್ನೂ ಕರೆದುಕೊಂಡು ಹೋಗಿ ತೋರಿಸಿ.